ತಾಂಡಾ, ಕೇರಿಗಳ ನೀರಿನ ಕೆಲಸಕ್ಕೆ ಮುಂಗಡ ಅನುದಾನ ಪಡೆಯುವುದು ಹೇಗೆ? ವಿಜಯಪುರ ಜಿಲ್ಲೆಯವರಿಗೊಂದು ಸಮಗ್ರ ಮಾರ್ಗದರ್ಶಿ

'ಮೊದಲು ನೀವು ಖರ್ಚು ಮಾಡಿ, ಬಿಲ್ ಕೊಡಿ, ಆಮೇಲೆ ದುಡ್ಡು ಹಾಕುತ್ತೇವೆ.' ಅನುದಾನ ಕೊಡುವವರ ಬಾಯಲ್ಲಿ ಜಾಸ್ತಿ ಕೇಳುವ ಮಾತು ಇದು. ಕೈಯಲ್ಲಿ ನಾಲ್ಕು ಕಾಸು ಇರುವ ದೊಡ್ಡ ಸಂಸ್ಥೆಗೆ ಇದರಿಂದ ತೊಂದರೆಯಿಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಒಂದು ಲಂಬಾಣಿ ತಾಂಡಾದ ಸಂಘ ಐದು ಲಕ್ಷದ ಪೈಪು ಎಲ್ಲಿಂದ ತರಬೇಕು? ಬಡ್ಡಿಗೆ ಸಾಲ ತಂದರೆ ಆ ಬಡ್ಡಿಯನ್ನು ಯಾವ ಅನುದಾನವೂ ಕಟ್ಟಿಕೊಡುವುದಿಲ್ಲ. ಹೀಗಾಗಿ ಮಂಜೂರಾತಿ ಪತ್ರ ಕೈಯಲ್ಲಿದ್ದರೂ ಕೆಲಸ ಶುರುವಾಗುವುದಿಲ್ಲ. ಯಾರಿಗೆ ನೀರು ಜಾಸ್ತಿ ಬೇಕೋ ಅವರೇ ಕೊನೆಗೆ ಉಳಿಯುತ್ತಾರೆ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇದು ನಮ್ಮ ಕಡೆಯ ತೊಂದರೆ ಮಾತ್ರ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಬಡ ಊರುಗಳು ಇದೇ ಗೋಳು ಹೇಳಿಕೊಂಡಿದ್ದವು. ಅಲ್ಲಿನ ಶಾಸನಸಭೆ 2015ರಲ್ಲಿ ಒಂದು ಕಾನೂನು ಮಾಡಿತು. ಪ್ರಾದೇಶಿಕ ನೀರಿನ ಯೋಜನೆಗಳಲ್ಲಿ 10 ಲಕ್ಷ ಡಾಲರ್‌ಗಿಂತ ಕಡಿಮೆ ಅನುದಾನದ, ಹಿಂದುಳಿದ ಸಮುದಾಯಕ್ಕೆ ಉಪಯೋಗವಾಗುವ ಕೆಲಸಕ್ಕೆ ಅರ್ಧ ಹಣ ಮುಂಗಡವಾಗಿ ಕೊಡಬೇಕು ಎಂದಿತು. ಆ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕು, 18 ತಿಂಗಳೊಳಗೆ ಖರ್ಚು ಮಾಡಬೇಕು, ಲೆಕ್ಕ ಕೊಡುತ್ತಾ ಹೋಗಬೇಕು. ನಮ್ಮಲ್ಲಿ ಹೀಗೆ ಒಂದೇ ಕಾನೂನು ಇಲ್ಲ. ಆದರೆ ಮುಂಗಡ ಸಿಗುವ ದಾರಿಗಳು ಇವೆ. ಅವು ಬೇಡಿಕೊಂಡರೆ ತೆರೆಯುವುದಿಲ್ಲ. ಕೆಲಸ, ಕಾಗದ, ಖಾತೆ ಮೂರನ್ನೂ ಮೊದಲೇ ಹೊಂದಿಸಿಕೊಂಡವರಿಗೆ ತೆರೆಯುತ್ತವೆ.

ಹೆಜ್ಜೆ 1: ದುಡ್ಡಿನ ಮಾತಿಗೆ ಮುಂಚೆ ನೀರು ನೋಡಿ

ವಿಜಯಪುರಕ್ಕೆ ಪಂಚ ನದಿಗಳ ನಾಡು ಎಂಬ ಹೆಸರಿದೆ. 'ಡೋಣಿ ಹರಿದರೆ ಓಣಿಯೆಲ್ಲ ಕಾಳು' ಅಂತ ಹಿರಿಯರು ಹೇಳುತ್ತಾರೆ. ಆ ಡೋಣಿಯ ನೀರು ಉಪ್ಪು. ಕಣಿವೆಯ ಎರೆ ಹೊಲ ಫಲವತ್ತು, ನೀರು ಮಾತ್ರ ಕುಡಿಯಲು ಬಾರದು. ಎಷ್ಟೋ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಆದ್ದರಿಂದ 'ಒಂದು ಬೋರ್ ಹಾಕಿಸಿಕೊಡಿ' ಎಂಬ ಅರ್ಜಿಯಿಂದ ಶುರು ಮಾಡಬೇಡಿ. ನೀರಿನ ಪರೀಕ್ಷೆಗೆ ಮುಂಚೆ ಪೈಪಿನ ಲೆಕ್ಕ ಹಾಕುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಈಗ ಜನ ಕುಡಿಯುತ್ತಿರುವ ಪ್ರತಿ ಮೂಲದ ನೀರನ್ನೂ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನೀರನ್ನು ಸ್ಥಳದಲ್ಲೇ ಪರೀಕ್ಷಿಸುವ ಫೀಲ್ಡ್ ಟೆಸ್ಟ್ ಕಿಟ್ ಪಂಚಾಯಿತಿಯಲ್ಲೇ ಇರಬೇಕು. ಮನೆಮನೆಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ಅದರ ತರಬೇತಿ ಕೊಡಬೇಕು ಎಂದಿದೆ. ಕಿಟ್‌ನಿಂದ ಅಂದಾಜು ಸಿಗುತ್ತದೆ. ಆದರೆ ಅನುದಾನದ ಫೈಲಿಗೆ ಪ್ರಯೋಗಾಲಯದ ವರದಿಯೇ ಬೇಕು. ವರದಿ ಬಂದಾಗ ಮೂರು ಅಂಕಿ ನೋಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಕರಗಿದ ಲವಣ ಒಟ್ಟು 500 ಇದ್ದರೆ ಒಳ್ಳೆಯದು, 2000 ಮೀರಿದರೆ ಕುಡಿಯಬಾರದು. ಇವು ಭಾರತೀಯ ಮಾನಕ 10500ರ ಮಿತಿಗಳು. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಇದನ್ನು ಮನೆಮನೆಗೂ ತಿಳಿಸಬೇಕು.

ಬೋರಿನ ನೀರು ಕೆಟ್ಟಿದ್ದರೆ, ಹತ್ತಿರದ ಬಹುಗ್ರಾಮ ಯೋಜನೆಯ ಟ್ಯಾಂಕಿನಿಂದ ಲೈನ್ ಎಳೆಯುವುದೇ ಜಾಣತನ. ಎಷ್ಟೋ ತಾಂಡಾಗಳಲ್ಲಿ ತೊಂದರೆ ಇರುವುದು ಆ ಕೊನೆಯ ಒಂದೆರಡು ಕಿಲೋಮೀಟರಿನಲ್ಲೇ. ಊರಿಗೆ ನೀರು ಬರುತ್ತದೆ, ತಾಂಡಾಕ್ಕೆ ಬರುವಷ್ಟರಲ್ಲಿ ಒತ್ತಡ ಇರುವುದಿಲ್ಲ. ಇನ್ನೊಂದು ದಾರಿಯೂ ಇದೆ. ಮುಳವಾಡ, ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳಲ್ಲಿ ಕೃಷ್ಣಾ ನೀರು ತಂದು ಕೆರೆ ತುಂಬಿಸಿದ್ದಾರೆ. ನಿಮ್ಮ ಹತ್ತಿರ ಅಂಥ ಕೆರೆ ಇದ್ದರೆ ಅದರ ಸುತ್ತಲಿನ ಹಳೆಯ ತೆರೆದ ಬಾವಿಗಳನ್ನು ಬೇಸಿಗೆಯಲ್ಲಿ ಇಣುಕಿ ನೋಡಿ. ಹೊಸ ಬೋರಿಗಿಂತ ಹಳೆ ಬಾವಿ ಹೂಳೆತ್ತುವುದು ಕಡಿಮೆ ಖರ್ಚಿನ ಕೆಲಸ. ಆದಿಲ್‌ಶಾಹಿಗಳ ಕಾಲದ ತಾಜ್ ಬಾವಡಿ, ಬೇಗಂ ತಲಾಬ್ ಇರುವ ಜಿಲ್ಲೆ ಇದು. ನೀರು ಕೂಡಿಡುವುದು ಇಲ್ಲಿ ಹೊಸ ವಿದ್ಯೆಯೇನಲ್ಲ.

ಬೋರ್ ಹಾಕುವುದೇ ಆದರೆ, ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊರೆದು ನೀರು ಬಾರದ ಗುಂಡಿಯನ್ನು ಮುಚ್ಚುವ ಖರ್ಚನ್ನೂ ಎಸ್ಟಿಮೇಟಿನಲ್ಲಿ ಹಾಕಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತವಾಗಿ ಹೊರಗೆ ತೆಗೆದರು. ಎಲ್ಲ ಸಲವೂ ಹಾಗಾಗುವುದಿಲ್ಲ.

ಹೆಜ್ಜೆ 2: ಯಾರ ದುಡ್ಡು ಮೊದಲೇ ಬರುತ್ತದೆ, ಯಾರದು ಆಮೇಲೆ?

ಗ್ರಾಮ ಪಂಚಾಯಿತಿಗೆ ಹಣಕಾಸು ಆಯೋಗದ ಅನುದಾನ ಬರುತ್ತದೆ. 15ನೇ ಆಯೋಗದ 2021-26ರ ಅವಧಿಯಲ್ಲಿ ಆ ಹಣದ 60% ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಈಗಿನ ಹಂಚಿಕೆ ಎಷ್ಟು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರವೇ ಕೇಳಿ. ಗಮನಿಸಬೇಕಾದ್ದು ಏನೆಂದರೆ, ಈ ಹಣ ಕೆಲಸಕ್ಕೆ ಮುಂಚೆಯೇ ಪಂಚಾಯಿತಿಯ ಖಾತೆಗೆ ಬಂದಿರುತ್ತದೆ. ಅಂದರೆ ಪಂಚಾಯಿತಿಯ ಮಟ್ಟಿಗೆ ಇದು ಮುಂಗಡವೇ. ನಿಮ್ಮ ತಾಂಡಾದ ಕೆಲಸ ಕ್ರಿಯಾ ಯೋಜನೆಯಲ್ಲಿ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಈ ಯೋಜನೆ ತಯಾರಿಸುವ ಅಭಿಯಾನ ಪ್ರತಿ ವರ್ಷ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ.

ಇಲ್ಲೇ ನಮ್ಮ ತಾಂಡಾಗಳಿಗೆ ಹೊಡೆತ ಬೀಳುವುದು. ದೀಪಾವಳಿ ಹೊತ್ತಿಗೆ ದುಡಿಯುವವರೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಗುಳೆ ಹೋಗಿರುತ್ತಾರೆ. ವಾರ್ಡ್ ಸಭೆಯಲ್ಲಿ ವಯಸ್ಸಾದವರು, ಮಕ್ಕಳು ಇರುತ್ತಾರೆ, ಅಷ್ಟೆ. ಆದ್ದರಿಂದ ಅವರು ಊರಲ್ಲಿ ಇರುವಾಗಲೇ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ತಾಂಡಾದ ನಾಯಕ, ಕಾರಭಾರಿಯನ್ನು ಕೂರಿಸಿಕೊಂಡು ಬೇಡಿಕೆ ಬರೆಯಿರಿ. ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ ಪಂಚಾಯಿತಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಕರ್ನಾಟಕದಲ್ಲಿ ಕೇಂದ್ರ, ರಾಜ್ಯ ಅರ್ಧರ್ಧ ಹಾಕುತ್ತವೆ. ಊರೊಳಗಿನ ಕೆಲಸದ ಖರ್ಚಿನಲ್ಲಿ ಜನರ ವಂತಿಗೆ 10%. ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರುವ ಗ್ರಾಮದಲ್ಲಿ 5%. ಇಲ್ಲೊಂದು ಸೂಕ್ಷ್ಮ ಇದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ನಿಜ. ಆದರೆ ಲೆಕ್ಕ ಹಿಡಿಯುವುದು ಗ್ರಾಮದ್ದು. ತಾಂಡಾ ಇನ್ನೂ ಮೂಲ ಊರಿನ ದಾಖಲೆಯೊಳಗೇ ಇದ್ದರೆ ಆ ಇಡೀ ಊರಿನ ಜನಸಂಖ್ಯೆ ಲೆಕ್ಕಕ್ಕೆ ಬಂದು 5%ರ ಅವಕಾಶ ಕೈತಪ್ಪಬಹುದು. ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದಾಗ ವಿಜಯಪುರವೂ ಸೇರಿ ಐದು ಜಿಲ್ಲೆಗಳ ಕುಟುಂಬಗಳು ಪಟ್ಟಿಯಲ್ಲಿದ್ದವು. ನಿಮ್ಮ ತಾಂಡಾದ ಸ್ಥಿತಿ ಏನೆಂದು ತಹಶೀಲ್ದಾರ್ ಕಚೇರಿಯಲ್ಲಿ ಮೊದಲು ವಿಚಾರಿಸಿ. ಹಕ್ಕುಪತ್ರದ ನಕಲು ಮುಂದೆ ಹಲವು ಕಡೆ ಕೆಲಸಕ್ಕೆ ಬರುತ್ತದೆ.

ಬಜೆಟ್ಟಿನಲ್ಲಿ ಪರಿಶಿಷ್ಟರಿಗೆಂದೇ ಹಣ ತೆಗೆದಿಡುವ ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಗೆ ಕರ್ನಾಟಕದಲ್ಲಿ 2013ರ ಕಾಯ್ದೆಯೇ ಇದೆ. ಇದರ ಹಣ ಇಲಾಖೆಗಳ ಮೂಲಕ ಬರುತ್ತದೆ. ನಿಮ್ಮ ಸಂಘದ ಖಾತೆಗೆ ಬರುವುದಿಲ್ಲ. ಆದ್ದರಿಂದ ಮುಂಗಡದ ಪ್ರಶ್ನೆಯೂ ಏಳುವುದಿಲ್ಲ, ಒತ್ತಾಯ ಮಾಡುವುದೊಂದೇ ಕೆಲಸ. ತಾಂಡಾ ಅಭಿವೃದ್ಧಿ ನಿಗಮವನ್ನೂ ಒಮ್ಮೆ ಕೇಳಿ ನೋಡಿ.

ಪಕ್ಕದ ಬಾಗಲಕೋಟೆ ಕಡೆಯವರಿಗೆ ಇನ್ನೊಂದು ಬಾಗಿಲಿದೆ. ಲೋಕಾಪುರ, ಮುಧೋಳ ಸುತ್ತ ಸುಣ್ಣದ ಕಲ್ಲು, ಇಳಕಲ್ ಕಡೆ ಗ್ರಾನೈಟ್ ಗಣಿಗಳಿವೆ. ಗಣಿಯವರು ಕಟ್ಟುವ ಹಣದಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಡೆಯುತ್ತದೆ. 2024ರ ಹೊಸ ಮಾರ್ಗಸೂಚಿಯಂತೆ ಅದರ ಕನಿಷ್ಠ 70% ಆದ್ಯತೆಯ ವಿಷಯಗಳಿಗೆ ಹೋಗಬೇಕು. ಕುಡಿಯುವ ನೀರು ಅದರಲ್ಲಿ ಒಂದು.

ಇನ್ನು ಸಂಘ-ಸಂಸ್ಥೆಯ ಖಾತೆಗೇ ನೇರ ಬರುವ ಹಣ ಎಂದರೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಯ ಹಣ) ಮತ್ತು ಖಾಸಗಿ ಪ್ರತಿಷ್ಠಾನಗಳದ್ದು. ಮುಂಗಡ ಕೇಳಲು ಜಾಸ್ತಿ ಅವಕಾಶ ಇರುವುದು ಇಲ್ಲೇ. ಕಂಪನಿ ಕಾಯ್ದೆ 2013ರ ಸೆಕ್ಷನ್ 135 ಪ್ರಕಾರ, ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು. ಸುರಕ್ಷಿತ ಕುಡಿಯುವ ನೀರು ಆ ಕಾಯ್ದೆಯ ಏಳನೇ ಅನುಸೂಚಿಯ ಮೊದಲ ಸಾಲಿನಲ್ಲೇ ಇದೆ. ಆದರೆ ಕಂಪನಿಯವರ ಕಷ್ಟವನ್ನೂ ತಿಳಿದುಕೊಳ್ಳಬೇಕು. ಸುಮ್ನೆ ನಿಮ್ಮ ಖಾತೆಗೆ ದುಡ್ಡು ಹಾಕಿದರೆ ಅದು ಖರ್ಚಾದ ಲೆಕ್ಕಕ್ಕೆ ಬರುವುದಿಲ್ಲ. ನೀವು ಅದನ್ನು ಬಳಸಿದ ಮೇಲಷ್ಟೇ ಬರುತ್ತದೆ. ಹಣ ಸರಿಯಾಗಿ ಬಳಕೆಯಾಗಿದೆ ಎಂದು ಅವರ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಮುಂಗಡ ಕೊಡಲು ಅವರು ಹಿಂಜರಿಯುವುದು ಇದೇ ಭಯದಿಂದ. 'ಮಾರ್ಚ್ ಒಳಗೆ ಇಷ್ಟು ಬಳಸುತ್ತೇವೆ, ಇಂಥ ದಿನ ಸಿ.ಎ. ಸಹಿಯ ಲೆಕ್ಕ ಕೊಡುತ್ತೇವೆ' ಎಂದು ನೀವೇ ಮೊದಲು ಹೇಳಿದರೆ ಅರ್ಧ ಭಯ ಕಳೆಯುತ್ತದೆ.

ಹೆಜ್ಜೆ 3: ಠರಾವು, ಸಮಿತಿ, ಜಾಗ

ಯಾರ ದುಡ್ಡೇ ಆಗಲಿ, ಗ್ರಾಮ ಪಂಚಾಯಿತಿಯ ಠರಾವು ಇಲ್ಲದೆ ನೀರಿನ ಕೆಲಸಕ್ಕೆ ಕೈ ಹಾಕಬೇಡಿ. ಕೊನೆಗೆ ಆ ಲೈನಿನ ಕರೆಂಟ್ ಬಿಲ್ ಕಟ್ಟುವವರು, ವಾಟರ್‌ಮನ್‌ಗೆ ಸಂಬಳ ಕೊಡುವವರು ಅವರೇ ಅಲ್ವಾ? ಠರಾವಿನಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿ ಬರಬೇಕು: ಯಾವ ಟ್ಯಾಂಕಿನಿಂದ, ಯಾವ ವಾಲ್ವ್‌ನಿಂದ ನೀರು ಕೊಡುತ್ತೇವೆ, ದಿನಕ್ಕೆ ಎಷ್ಟು ತಾಸು, ಕೆಲಸ ಮುಗಿದ ಮೇಲೆ ಆಸ್ತಿಯನ್ನು ಪಂಚಾಯಿತಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ದುರಸ್ತಿ ಯಾರ ಜವಾಬ್ದಾರಿ. ಬಹುಗ್ರಾಮ ಯೋಜನೆಯ ಲೈನಿಗೆ ಜೋಡಿಸುವುದಾದರೆ ಇಲಾಖೆಯ ಎಂಜಿನಿಯರ್ ಒಪ್ಪಿಗೆ ಪತ್ರವೂ ಬೇಕು.

ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಕಾಗದದ ಮೇಲೆ ಎಲ್ಲ ಕಡೆ ಇರುತ್ತದೆ. ಅದರಲ್ಲಿ 10ರಿಂದ 15 ಜನ, ಅರ್ಧ ಮಹಿಳೆಯರು ಇರಬೇಕು. ತಾಂಡಾದ ಹೆಸರು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಗ್ರಾಮ ಸಭೆಯಲ್ಲಿ ಕೇಳಿ. ಕೊಡ ಹೊತ್ತು ನೀರು ತರುವ ಹೆಣ್ಣುಮಗಳು ಆ ಸಮಿತಿಯಲ್ಲಿ ಇದ್ದರೆ ನಳ ಎಲ್ಲಿ ಬರಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬ ಜಗಳ ಅರ್ಧ ಕಡಿಮೆಯಾಗುತ್ತದೆ.

ಟ್ಯಾಂಕ್ ಕಟ್ಟುವ ಜಾಗದ ವಿಷಯದಲ್ಲಿ ಬಾಯಿ ಮಾತು ನಂಬಬೇಡಿ. 'ನಮ್ಮ ಹೊಲದ ಮೂಲೆ ತಗೊಳ್ರಿ' ಎಂದವರ ಮಕ್ಕಳು ನಾಳೆ ಬೇಡ ಅನ್ನಬಹುದು. ದಾನಪತ್ರ ನೋಂದಣಿ ಆಗಲಿ, ಪಂಚಾಯಿತಿ ಹೆಸರಿಗೆ ಇ-ಸ್ವತ್ತು ಆಗಲಿ. ಜಾಗ ಅರಣ್ಯದ್ದೋ ಗಾಯರಾಣವೋ (ಗೋಮಾಳ) ಅನ್ನುವುದನ್ನು ಪಹಣಿ ತೆಗೆಸಿ ನೋಡಿ.

ಹೆಜ್ಜೆ 4: ಸಂಸ್ಥೆಯ ಕಾಗದ ಮತ್ತು ಬೇರೆ ಖಾತೆ

ನೋಂದಣಿ ಪತ್ರ, ಪ್ಯಾನ್, ಸಂಸ್ಥೆಗೂ ದಾನಿಗಳಿಗೂ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿಗಳು (12ಎ, 80ಜಿ ಎಂದು ಕರೆಯುತ್ತಾ ಬಂದವು), ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣವಾದ ದರ್ಪಣ್ ಪೋರ್ಟಲಿನ ಸಂಖ್ಯೆ, ಹಿಂದಿನ ಮೂರು ವರ್ಷದ ಆಡಿಟ್ ವರದಿ. ಕಂಪನಿ ಹಣವಾದರೆ ಸಿಎಸ್‌ಆರ್-1 ನೋಂದಣಿಯೂ ಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ವಿದೇಶಿ ಹಣದ ದಾರಿ ಬೇರೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಒಂದು ರೂಪಾಯಿಯೂ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಮೇಲೆ, ನೋಂದಣಿ ಇರುವ ದೊಡ್ಡ ಸಂಸ್ಥೆ ಆ ಹಣವನ್ನು ನಿಮಗೆ ದಾಟಿಸುವಂತೆಯೂ ಇಲ್ಲ.

ಇಷ್ಟು ಕಾಗದ ಇಲ್ಲದ ಸ್ತ್ರೀಶಕ್ತಿ ಸಂಘ, ಯುವಕ ಸಂಘ ಏನು ಮಾಡಬೇಕು? ಕಾಗದ ಸರಿ ಇರುವ, ಜಿಲ್ಲೆಯಲ್ಲೇ ಕೆಲಸ ಮಾಡುತ್ತಿರುವ ಸಂಸ್ಥೆಯೊಂದರ ಜತೆ ಒಪ್ಪಂದ ಮಾಡಿಕೊಳ್ಳಿ. ಹಣ ಅವರ ಖಾತೆಗೆ ಬರಲಿ. ಖರ್ಚಿನ ಒಪ್ಪಿಗೆಗೆ ನಿಮ್ಮ ಸಮಿತಿಯ ಇಬ್ಬರ ಸಹಿ ಬೇಕು ಎಂದು ಬರೆಯಿಸಿಕೊಳ್ಳಿ. ಅವರು ಆಡಳಿತ ವೆಚ್ಚ ಎಂದು ಎಷ್ಟು ಹಿಡಿಯುತ್ತಾರೆ ಎಂಬುದೂ ಅದರಲ್ಲೇ ಇರಲಿ.

ಮುಂಗಡ ಕೇಳುವವರು ಈ ಕೆಲಸಕ್ಕೆಂದೇ ಹೊಸ ಬ್ಯಾಂಕ್ ಖಾತೆ ತೆರೆಯಲೇಬೇಕು. ಇದರಲ್ಲಿ ರಾಜಿ ಬೇಡ. ಸಂಘದ ಸಾಲದ ಕಂತು, ಜಯಂತಿಯ ಪಟ್ಟಿ ಹಣ, ನೀರಿನ ಅನುದಾನ ಎಲ್ಲ ಒಂದೇ ಪಾಸ್‌ಬುಕ್‌ನಲ್ಲಿ ಬೆರೆತರೆ, ಪ್ರಾಮಾಣಿಕರಾಗಿದ್ದರೂ ಅದನ್ನು ತೋರಿಸಲು ಆಗುವುದಿಲ್ಲ. ಬೇರೆ ಖಾತೆಯ ಪಾಸ್‌ಬುಕ್ ಪುಟವನ್ನು ಝೆರಾಕ್ಸ್ ಮಾಡಿ ಕಳಿಸಿದರೆ ಸಾಕು, ಅನುದಾನ ಕೊಟ್ಟವರು ಪ್ರತಿ ಸಾಲನ್ನೂ ಬಿಲ್ಲಿಗೆ ತಾಳೆ ಹಾಕಬಹುದು. ಕೇಂದ್ರ ಸರ್ಕಾರದ ಅನುದಾನವಾದರೆ ಅದರ ಮೇಲಿನ ಬಡ್ಡಿಯನ್ನು ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಅದು ನಿಮ್ಮ ವರಮಾನ ಅಲ್ಲ.

ಹೆಜ್ಜೆ 5: ಎಸ್ಟಿಮೇಟ್ ಮತ್ತು ಕಂತುಗಳನ್ನು ಹೊಂದಿಸುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಂದು ಉದಾಹರಣೆ ಹಿಡಿದು ನೋಡೋಣ. 90 ಮನೆಯ ತಾಂಡಾ. ಊರಿನ ಟ್ಯಾಂಕಿನಿಂದ ಒಂದೂವರೆ ಕಿಲೋಮೀಟರ್ ಲೈನ್, ತಾಂಡಾದಲ್ಲಿ ಒಂದು ಚಿಕ್ಕ ಟ್ಯಾಂಕ್, ಮನೆಮನೆಗೆ ನಳ. ಅಂದಾಜು 12 ಲಕ್ಷ ಅಂದುಕೊಳ್ಳಿ. ಪೈಪು ಮತ್ತು ಜೋಡಣೆ ಸಾಮಾನು 5 ಲಕ್ಷ, ಕಾಲುವೆ ತೋಡಿ ಪೈಪು ಹಾಕಲು 2.5 ಲಕ್ಷ, ಟ್ಯಾಂಕ್ 2.5 ಲಕ್ಷ, ಮೋಟಾರ್-ವಾಲ್ವ್-ವೈರಿಂಗ್ 80 ಸಾವಿರ, ಪರೀಕ್ಷೆ ಮತ್ತು ಮೇಲ್ವಿಚಾರಣೆ 70 ಸಾವಿರ, ಅಕಸ್ಮಾತ್ ಖರ್ಚಿಗೆ 50 ಸಾವಿರ.

ಕೊಡುವವರು ಸಾಮಾನ್ಯವಾಗಿ 'ನಾಲ್ಕು ಸಮ ಕಂತು' ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಮೊದಲ ಕಂತು 3 ಲಕ್ಷ ಬಂತು, ಪೈಪಿಗೆ 5 ಲಕ್ಷ ಬೇಕು. ಅರ್ಧ ಪೈಪು ತಂದರೆ ಸಾಗಾಟಕ್ಕೆ ಎರಡು ಸಲ ದುಡ್ಡು. ತೋಡಿದ ಕಾಲುವೆ ಅರ್ಧಕ್ಕೇ ನಿಲ್ಲುತ್ತದೆ, ಒಂದು ಮಳೆಗೆ ಎರೆ ಮಣ್ಣು ಕುಸಿದು ಮುಚ್ಚಿಹೋಗುತ್ತದೆ. ಮತ್ತೆ ಜೆಸಿಬಿ, ಮತ್ತೆ ಬಾಡಿಗೆ.

ಬದಲಿಗೆ ಕೆಲಸ ಹೇಗೆ ನಡೆಯುತ್ತದೋ ಕಂತು ಹಾಗೆ ಕೇಳಿ. ಮೊದಲ ಕಂತು 50%, ಅಂದರೆ 6 ಲಕ್ಷ. ಇದರಲ್ಲಿ ಪೂರ್ತಿ ಪೈಪು 5 ಲಕ್ಷ, ಸರ್ವೆ-ಪರೀಕ್ಷೆ-ಮೇಲ್ವಿಚಾರಣೆ 30 ಸಾವಿರ, ಕಾಲುವೆ ಶುರು ಮಾಡಲು 70 ಸಾವಿರ. ಎರಡನೇ ಕಂತು 35%, ಅಂದರೆ 4.2 ಲಕ್ಷ. ಕಾಲುವೆಗೆ 1.6 ಲಕ್ಷ, ಟ್ಯಾಂಕಿಗೆ 2 ಲಕ್ಷ, ವೈರಿಂಗ್‌ಗೆ 50 ಸಾವಿರ, ಮೇಲ್ವಿಚಾರಣೆಗೆ 10 ಸಾವಿರ. ಉಳಿದ 15%, ಅಂದರೆ 1.8 ಲಕ್ಷ, ನಳದಲ್ಲಿ ನೀರು ಬಂದ ಮೇಲೆ.

ಆ ಕೊನೆಯ 1.8 ಲಕ್ಷವನ್ನು ಅಲ್ಲಿಯ ತನಕ ಯಾರು ಹೊರಬೇಕು? ಸಂಘ ಹೊರಬೇಕಾಗಿಲ್ಲ. ಗುತ್ತಿಗೆದಾರರ ಜತೆ ಒಪ್ಪಂದ ಮಾಡುವಾಗಲೇ ಕಾಲುವೆಯವರಿಗೆ 20 ಸಾವಿರ, ಟ್ಯಾಂಕಿನವರಿಗೆ 50 ಸಾವಿರ, ವೈರಿಂಗ್‌ನವರಿಗೆ 30 ಸಾವಿರ ಕೊನೆಗೆ ಎಂದು ಬರೆಯಿರಿ. ಉಳಿದದ್ದು ಮೇಲ್ವಿಚಾರಣೆಯ 30 ಸಾವಿರ ಮತ್ತು ಅಕಸ್ಮಾತ್ ಖರ್ಚಿನ 50 ಸಾವಿರ. ಹೀಗೆ ಮಾಡಿದರೆ ಸಂಘ ಸಾಲ ಮಾಡುವ ಪ್ರಸಂಗ ಬರುವುದಿಲ್ಲ. ಗುತ್ತಿಗೆದಾರನೂ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ.

ಇನ್ನೊಂದು ಷರತ್ತು ಮರೆಯಬೇಡಿ: ಮೊದಲ ಕಂತಿನ 70% ಖರ್ಚಾದ ಕೂಡಲೇ ಎರಡನೇ ಕಂತು ಕೇಳಬಹುದು ಎಂದಿರಲಿ. ನಮ್ಮ ಉದಾಹರಣೆಯಲ್ಲಿ ಪೈಪಿನ ಬಿಲ್ ಕಟ್ಟಿದ ದಿನವೇ 70% ದಾಟುತ್ತದೆ. ಕೈಯಲ್ಲಿ ಇನ್ನೂ 1 ಲಕ್ಷದಷ್ಟು ಇರುತ್ತದೆ. ಅವರು ಕಾಗದ ನೋಡಿ ಹಣ ಬಿಡುಗಡೆ ಮಾಡುವವರೆಗೆ ಕಾಲುವೆ ಕೆಲಸ ನಡೆಯುತ್ತಲೇ ಇರುತ್ತದೆ. 'ಪೂರ್ತಿ ಖರ್ಚಾದ ಮೇಲೆ' ಎಂಬ ಷರತ್ತು ಒಪ್ಪಿಕೊಂಡರೆ ಮಧ್ಯದ ಆ ವಾರಗಳಲ್ಲಿ ಕೆಲಸ ನಿಲ್ಲುತ್ತದೆ.

ಕೊಡುವವರು ಜನರ ವಂತಿಗೆಯನ್ನೂ ಕೇಳಿದರೆ, 5% ಎಂದರೆ 60 ಸಾವಿರ, ಮನೆಗೆ ಸುಮಾರು 670 ರೂಪಾಯಿ. ಗುಳೆ ಹೋಗಿ ಬಂದ ಮೇಲೆ, ಹೋಳಿ-ಯುಗಾದಿ ಹೊತ್ತಿಗೆ ಕೇಳಿದರೆ ಕೊಡುವ ಶಕ್ತಿ ಇರುತ್ತದೆ. ದುಡ್ಡು ಕೊಡಲಾಗದವರು ಕಾಲುವೆ ತೋಡಲಿ. ಆ ದುಡಿಮೆಗೂ ಹಾಜರಿ ಪುಸ್ತಕ ಇಟ್ಟು, ದಿನಗೂಲಿ ದರ ಹಾಕಿ ವಂತಿಗೆ ಎಂದು ಬರೆಯಿರಿ. ವಿಧವೆಯರು, ಒಂಟಿ ಮುದುಕರ ಮನೆಗಳನ್ನು ಬಿಡುವುದಾದರೆ ಅದನ್ನು ಸಭೆಯಲ್ಲೇ ಒಪ್ಪಿಕೊಂಡು ಬರೆದಿಡಿ.

ಎಸ್ಟಿಮೇಟನ್ನು ಇಲಾಖೆಯ ದರಪಟ್ಟಿಯ (ಎಸ್‌ಆರ್) ದರದಲ್ಲೇ ಮಾಡಿಸಿ. ನಿವೃತ್ತ ಜೂನಿಯರ್ ಎಂಜಿನಿಯರ್ (ಜೆಇ) ಯಾರಾದರೂ ಸಿಕ್ಕರೆ ಒಳ್ಳೆಯದು. ಕೊಟೇಶನ್ ಮೂರಾದರೂ ಇರಲಿ.

ಹೆಜ್ಜೆ 6: ಮುಂಗಡವನ್ನು ಪತ್ರದಲ್ಲಿ ಕೇಳುವ ರೀತಿ

ಮಂಜೂರಾದ ಮೇಲೆ ಮುಂಗಡ ಕೇಳಿದರೆ ತಡವಾಯಿತು. ಮೊದಲ ಪ್ರಸ್ತಾವದಲ್ಲೇ ಇರಬೇಕು. ಸುತ್ತಿ ಬಳಸಿ ಬರೆಯುವುದು ಬೇಡ. ಈ ತರಹ ಇದ್ದರೆ ಸಾಕು:

'ನಮ್ಮ ಸಮಿತಿಗೆ ಸ್ವಂತ ಬಂಡವಾಳ ಇಲ್ಲ. ಈ ಕೆಲಸದ ಮೊದಲ ದೊಡ್ಡ ಖರ್ಚು ಪೈಪು. ಆದ್ದರಿಂದ ಅನುದಾನದ 50% ಅನ್ನು ಒಪ್ಪಂದ ಸಹಿಯಾದ 15 ದಿನದೊಳಗೆ ಮುಂಗಡವಾಗಿ ಕೊಡಬೇಕೆಂದು ಕೋರುತ್ತೇವೆ. ಹಣ ಈ ಕೆಲಸದ ಪ್ರತ್ಯೇಕ ಖಾತೆಯಲ್ಲಿ ಇರುತ್ತದೆ. ಇಬ್ಬರ ಸಹಿ ಇಲ್ಲದೆ ತೆಗೆಯುವುದಿಲ್ಲ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಪಾಸ್‌ಬುಕ್ ನಕಲು, ಬಿಲ್ಲು, ಫೋಟೋ ಕಳಿಸುತ್ತೇವೆ. ಯಾವುದೇ ಕಾರಣಕ್ಕೆ ಕೆಲಸ ನಿಂತರೆ ಉಳಿದ ಹಣವನ್ನು 30 ದಿನದೊಳಗೆ ಮರಳಿಸುತ್ತೇವೆ.'

ಈ ಕೊನೆಯ ವಾಕ್ಯ ಬರೆಯಲು ಜನ ಹೆದರುತ್ತಾರೆ. ಆದರೆ ಕೊಡುವವರಿಗೆ ಜಾಸ್ತಿ ಧೈರ್ಯ ತರುವುದು ಅದೇ. ಬ್ಯಾಂಕ್ ಗ್ಯಾರಂಟಿ ಕೇಳಿದರೆ ತಕ್ಷಣ ಒಪ್ಪಬೇಡಿ. ಸಣ್ಣ ಸಂಘಕ್ಕೆ ಗ್ಯಾರಂಟಿ ಸಿಗಬೇಕಾದರೆ ಅಷ್ಟೇ ಹಣ ಠೇವಣಿ ಇಡು ಎನ್ನುತ್ತಾರೆ, ಆಗ ಮುಂಗಡಕ್ಕೆ ಅರ್ಥವೇ ಉಳಿಯುವುದಿಲ್ಲ. ಬದಲಿಗೆ ಪೈಪಿನ ಹಣವನ್ನು ನೇರ ಅಂಗಡಿಯವರಿಗೇ ಹಾಕಿ ಎಂದು ಕೇಳಿಕೊಳ್ಳಿ. ಇನ್ವಾಯ್ಸ್ ನಿಮ್ಮ ಹೆಸರಿಗೆ, ಹಣ ಅವರಿಂದ. ಇದಕ್ಕೆ ಒಪ್ಪುವವರು ಹಲವರಿದ್ದಾರೆ.

ಹೆಜ್ಜೆ 7: ಹಣ ಬಂದ ಮೇಲೆ

ಪೈಪು ಇಳಿಯುವ ದಿನ ಸಮಿತಿಯ ಇಬ್ಬರು ಅಲ್ಲೇ ಇರಬೇಕು. ಎಚ್‌ಡಿಪಿಇ ಪೈಪಾದರೆ ಅದರ ಮೈಮೇಲೆ ಐಎಸ್ 4984 ಎಂಬ ಮುದ್ರೆ, ವ್ಯಾಸ, ಒತ್ತಡದ ದರ್ಜೆ ಅಚ್ಚಾಗಿರುತ್ತದೆ. ಪಿವಿಸಿ ಆದರೆ ಐಎಸ್ 4985. ಸುರುಳಿ ಎಣಿಸಿ, ಮೀಟರ್ ಗುರುತು ಓದಿ, ಡೆಲಿವರಿ ಚಲನ್ ಮೇಲೆ ಬರೆದು ಸಹಿ ಹಾಕಿ. ಆ ಅಚ್ಚಿನ ಫೋಟೋ ತೆಗೆದಿಡಿ, ಲೆಕ್ಕದ ಜತೆ ಕಳಿಸಲು ಬೇಕಾಗುತ್ತದೆ.

ನಮ್ಮ ಎರೆ ಭೂಮಿಯ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಈ ಎಳೆದಾಟಕ್ಕೆ ಪಿವಿಸಿಯ ಅಂಟು ಜೋಡಣೆ ಬಿಟ್ಟುಕೊಳ್ಳುತ್ತದೆ. ಬಾಗುವ ಎಚ್‌ಡಿಪಿಇ ತಾಳುತ್ತದೆ. ಸ್ವಲ್ಪ ದುಬಾರಿಯಾದರೂ ಅದನ್ನೇ ಹಾಕಿ ಎಂದು ನಾನು ಹೇಳುತ್ತೇನೆ. ಪೈಪಿನ ಕೆಳಗೆ, ಮೇಲೆ ಗರಸು ಅಥವಾ ಮರಳು ಹಾಕಿ ಆಮೇಲೆ ಎರೆ ಮಣ್ಣು ತುಂಬಿ. ಈ ಗರಸಿನ ಖರ್ಚು ಎಸ್ಟಿಮೇಟಿನಲ್ಲಿ ಬಿಟ್ಟುಹೋಗುವುದು ಜಾಸ್ತಿ. ಕಾಲುವೆ ಕೆಲಸ ಜನವರಿಯಿಂದ ಮೇ ಒಳಗೆ ಮುಗಿಯುವ ಹಾಗೆ ಕಂತಿನ ದಿನಾಂಕ ಹೊಂದಿಸಿ. ಜೂನ್ ನಂತರ ಆ ಮಣ್ಣಲ್ಲಿ ಜೆಸಿಬಿ ಇಳಿಯುವುದೇ ಕಷ್ಟ. ಮಣ್ಣು ಮುಚ್ಚುವ ಮೊದಲು ಒತ್ತಡ ಕೊಟ್ಟು ಸೋರಿಕೆ ನೋಡಿ.

ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ನಗದು ಕೊಡಬೇಡಿ, ಆದಾಯ ತೆರಿಗೆಯವರು ಆ ಖರ್ಚನ್ನು ಒಪ್ಪುವುದಿಲ್ಲ. ಗುತ್ತಿಗೆದಾರರ ಬಿಲ್ಲಿನಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕೇ ಎಂದು ಸಿ.ಎ. ಹತ್ತಿರ ಮೊದಲೇ ಕೇಳಿ. ಹಿಡಿಯುವುದಾದರೆ ಒಬ್ಬ ವ್ಯಕ್ತಿಗೆ 1%, ಸಂಸ್ಥೆಗೆ 2%.

ಹೆಜ್ಜೆ 8: ಯು.ಸಿ. ಮತ್ತು ಮುಂದಿನ ಕಂತು

ಹಣ ಬಳಕೆ ಪ್ರಮಾಣಪತ್ರಕ್ಕೆ ಎಲ್ಲರೂ ಯು.ಸಿ. ಎಂದೇ ಅನ್ನುತ್ತಾರೆ. ಬಂದದ್ದು ಎಷ್ಟು, ಖರ್ಚು ಎಷ್ಟು, ಉಳಿದದ್ದು ಎಷ್ಟು, ಬಡ್ಡಿ ಎಷ್ಟು ಎಂಬ ನಾಲ್ಕು ಅಂಕಿ, ಅದರ ಕೆಳಗೆ ಸಿ.ಎ. ಸಹಿ. ಕೇಂದ್ರದ ಅನುದಾನಕ್ಕೆ ನಿಗದಿತ ನಮೂನೆ ಇದೆ, ಸಂಸ್ಥೆಗಳಿಗೆ ಜಿಎಫ್‌ಆರ್ 12-ಎ. ಖಾಸಗಿಯವರು ತಮ್ಮದೇ ನಮೂನೆ ಕೊಡುತ್ತಾರೆ. ಅದನ್ನು ಒಪ್ಪಂದದ ದಿನವೇ ಕೇಳಿ ಇಟ್ಟುಕೊಳ್ಳಿ.

ಸಿ.ಎ. ಹತ್ತಿರ ಮಾರ್ಚ್ ಕೊನೆಗೆ ಹೋದರೆ ಸಾಲು ಇರುತ್ತದೆ. ಪ್ರತಿ ಬಿಲ್ಲಿನ ಮೇಲೆ ಬಂದ ದಿನವೇ ಚೆಕ್ ಸಂಖ್ಯೆ, ಬಜೆಟ್ಟಿನ ಯಾವ ಸಾಲಿಗೆ ಸೇರಿದ್ದು, ಸಮಿತಿಯ ಠರಾವು ಸಂಖ್ಯೆ ಬರೆದಿಟ್ಟರೆ ಯು.ಸಿ. ಬೇಗ ಆಗುತ್ತದೆ. ಒಂದು ಸಾಲಿನ ಹಣ ಇನ್ನೊಂದಕ್ಕೆ ಬಳಸಬೇಕಾಗಿ ಬಂದರೆ, ಉದಾಹರಣೆಗೆ ಕಲ್ಲು ಸಿಕ್ಕಿ ಕಾಲುವೆ ಖರ್ಚು ಏರಿದರೆ, ಖರ್ಚಿಗೆ ಮುಂಚೆ ಒಂದು ಇಮೇಲ್ ಹಾಕಿ ಒಪ್ಪಿಗೆ ಪಡೆಯಿರಿ. ಮುಂಚೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಆಮೇಲೆ ಹೇಳಿದರೆ ಕಂತು ತಡೆಹಿಡಿಯುತ್ತಾರೆ.

ಲೆಕ್ಕವನ್ನು ತಾಂಡಾದವರಿಗೂ ತೋರಿಸಿ. ಸೇವಾಲಾಲ್ ಗುಡಿಯ ಕಟ್ಟೆ ಹತ್ತಿರ ಒಂದು ಬೋರ್ಡಿನಲ್ಲಿ ಬಂದ ಹಣ, ಖರ್ಚು, ಉಳಿಕೆ ಬರೆಯಿಸಿ. ಓದಲು ಬಾರದವರಿಗೆ ಅಮಾವಾಸ್ಯೆಯ ದಿನ, ಜನ ಕೆಲಸಕ್ಕೆ ಹೋಗದಿದ್ದಾಗ, ಓದಿ ಹೇಳಿ. ದುಡ್ಡು ಅವರ ಹೆಸರಿನಲ್ಲಿ ಬಂದದ್ದು.

ಹೆಜ್ಜೆ 9: ಒಪ್ಪಿಸುವುದು, ಖಾತೆ ಮುಗಿಸುವುದು

ನೀರು ಬಿಟ್ಟು, ಕೊನೆಯ ಮನೆಯ ನಳದಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ ಬರೆದಿಡಿ. ಮೊದಲ ಮನೆಯ ನಳದಲ್ಲೂ ನೋಡಿ. ಎರಡರ ನಡುವೆ ಭಾರಿ ಅಂತರ ಇದ್ದರೆ ವಾಲ್ವ್ ಸರಿಪಡಿಸುವ ತನಕ ಗುತ್ತಿಗೆದಾರರ ಕೊನೆಯ ಹಣ ಬಿಡಬೇಡಿ. ನಳದ ನೀರನ್ನು ಇನ್ನೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ. ಮೊದಲಿನ ವರದಿ ಮತ್ತು ಈ ವರದಿ ಪಕ್ಕಪಕ್ಕ ಇಟ್ಟರೆ ಕೊಟ್ಟವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಪಂಚಾಯಿತಿಗೆ ಒಪ್ಪಿಸುವಾಗ ಪೈಪ್‌ಲೈನ್ ನಕ್ಷೆ, ವಾಲ್ವ್ ಇರುವ ಜಾಗ, ಮೋಟಾರಿನ ಗ್ಯಾರಂಟಿ ಕಾರ್ಡ್, ಒಂದಿಷ್ಟು ಹೆಚ್ಚುವರಿ ಕಪ್ಲಿಂಗ್ ಮತ್ತು ಸ್ಯಾಡಲ್ ಸೇರಿಸಿ ಕೊಡಿ. ಅಧ್ಯಕ್ಷರು, ಪಿಡಿಒ ಸಹಿ ಇರುವ ಹಸ್ತಾಂತರ ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ತಿಂಗಳ ನೀರಿನ ಕರ ಎಷ್ಟು, ಯಾರು ವಸೂಲಿ ಮಾಡುತ್ತಾರೆ ಎಂಬುದನ್ನು ಅದೇ ದಿನ ನಿರ್ಧರಿಸಿ. ಗುಳೆ ಹೋದ ತಿಂಗಳುಗಳಲ್ಲಿ ಮುಚ್ಚಿದ ಮನೆಗೆ ಕರ ಹಿಡಿಯಬೇಕೇ ಬೇಡವೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅರ್ಧ ಹಿಡಿಯುವುದು ನ್ಯಾಯ, ಯಾಕೆಂದರೆ ಮನೆ ಮುಚ್ಚಿದ್ದರೂ ಲೈನ್ ದುರಸ್ತಿಯ ಖರ್ಚು ನಿಲ್ಲುವುದಿಲ್ಲ.

ಕೊನೆಯ ಕಂತು ಬಂದು ಎಲ್ಲರ ಬಾಕಿ ತೀರಿದ ಮೇಲೆ ಖಾತೆಯಲ್ಲಿ ಏನಾದರೂ ಉಳಿದರೆ ಕೊಟ್ಟವರಿಗೆ ಬರೆದು ಕೇಳಿ. ಹಲವರು ದುರಸ್ತಿ ನಿಧಿಗೆ ಬಿಟ್ಟುಕೊಡುತ್ತಾರೆ. ಕೇಳದೆ ಬಳಸಬೇಡಿ. ಮುಕ್ತಾಯದ ಯು.ಸಿ. ಕಳಿಸಿ, ಅದು ತಲುಪಿದ್ದಕ್ಕೆ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಆಮೇಲೆ ಖಾತೆ ಮುಚ್ಚಿ. ಬಿಲ್ಲು, ಹಾಜರಿ ಪುಸ್ತಕ, ಠರಾವಿನ ಫೈಲನ್ನು 10 ವರ್ಷ ಇಡಿ. ಪಕ್ಕದ ತಾಂಡಾದವರು ಅರ್ಜಿ ಹಾಕಲು ಬಂದಾಗ ಮೊದಲು ಕೇಳುವುದು ಆ ಫೈಲನ್ನೇ, ಅದರ ಒಂದು ಝೆರಾಕ್ಸ್ ಪ್ರತಿ ಬೇರೆಯೇ ಮಾಡಿಸಿಡಿ.